ಕಾಶಿಯಲ್ಲಿ ಬಿಟ್ಟದ್ದು

ಅವಧೂತ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದ. ಸ್ನಾನ ಮುಗಿದು ಎಷ್ಟೋ ಹೊತ್ತಾಗಿತ್ತು. ನೀರು ಬೀಳುತ್ತಿರುವ ತನಕ ಯಾರೂ ಬಾಗಿಲು ಬಡಿಯುವುದಿಲ್ಲ ಎಂಬ ಉಪಾಯ, ಅಷ್ಟೆ. ಹೊರಗೆ ಹಾಲ್‌ನಲ್ಲಿ ಸೊಸೆ ಮುಕ್ತಾ ಮಣೆಯ ಮೇಲೆ ಗೋಧಿ ಸುರಿಯುತ್ತಿದ್ದಳು. ಆ ಗೋಧಿಯ ಮೇಲೆ ಗಂಗೆಯನ್ನು, ಅಂದರೆ ಬಾಯಿಗೆ ಬೆಸುಗೆ ಹಾಕಿ ಮುಚ್ಚಿದ ತಾಮ್ರದ ಗಿಂಡಿಯನ್ನು, ಕೂಡಿಸುತ್ತಾರೆ. ಕಾಶಿಗೆ ಹೋಗಿಬಂದವರ ಮನೆಯಲ್ಲಿ ಗಂಗಾಪೂಜೆ ಆಗಲೇಬೇಕು. ಬಂಧುಬಳಗ ಕೂಡಬೇಕು, ಯಾತ್ರೆ ಮಾಡಿ ಬಂದವನ ಕಾಲಿಗೆ ಎಲ್ಲರೂ ಬೀಳಬೇಕು, ತೀರ್ಥ ತೆಗೆದುಕೊಂಡು ಉಂಡು ಹೋಗಬೇಕು. ಇವತ್ತು ಪುಣೆಯ ಈ ವಾಕಡದ ಫ್ಲ್ಯಾಟಿನಲ್ಲಿ ಯಾತ್ರೆ ಮಾಡಿ ಬಂದವನು ಅವಧೂತ. ಅವನು ಕಾಶಿಯನ್ನು ಅರವತ್ತು ದಾಟಿದ ಈ ಆಯುಷ್ಯದಲ್ಲಿ ಕ್ಯಾಲೆಂಡರಿನ ಚಿತ್ರದಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಹೋಗಿಬಂದದ್ದು ಗ್ರೀಸ್ ದೇಶದ ಸ್ಯಾಂಟೊರಿನಿ ಎಂಬ ದ್ವೀಪಕ್ಕೆ, ನೀಲಿಮಾ ಎಂಬ ಹೆಂಗಸಿನ ಜೊತೆ.

"ಮಾಮಾ, ಲಗೂ ಬರ್ರಿ. ಅಜ್ಜಿ ಬಂದ್ರು," ಮುಕ್ತಾ ಕೊನೆಗೂ ಬಾಗಿಲು ಬಡಿದಳು. ಅವನು ನಲ್ಲಿ ನಿಲ್ಲಿಸಿದ. ಕನ್ನಡಿಯಲ್ಲಿ ಮೂಗಿನ ಮೇಲೆ ಚರ್ಮ ಸುಲಿದಿತ್ತು. ಬಂದ ದಿನ ಅದನ್ನು ನೋಡಿ ಮುಕ್ತಾ, ಕಾಶಿಯ ಬಿಸಿಲು ಅಂದರೆ ಬಿಸಿಲಪ್ಪಾ, ಎಂದು ಲೋಳಸರ ಕುಯ್ದು ತಂದು ಕೊಟ್ಟಿದ್ದಳು. ಅದನ್ನು ಹಚ್ಚಿಕೊಳ್ಳುವಾಗ ಅವನಿಗೆ ಅಳು ಬಂದಂತಾಗಿತ್ತು. ಬೈದರೆ ತಡೆದುಕೊಳ್ಳಬಹುದು, ಲೋಳಸರ ಕೊಟ್ಟರೆ ಏನು ಮಾಡುವುದು.

ಹೆಂಡತಿ ಇಂದೂ ತೀರಿಹೋಗಿ ವರ್ಷಗಳಾಗಿದ್ದವು. ರಾಂಜಣಗಾಂವದ ಕಾರಖಾನೆಯಲ್ಲಿ ಯಂತ್ರದ ಬಿಡಿಭಾಗಗಳನ್ನು ಅಳೆದು ಇದು ಪಾಸು, ಇದು ಫೇಲು ಎಂದು ಹೇಳುತ್ತ ಜನ್ಮ ಕಳೆದವನು ನಿವೃತ್ತನಾದ ಮೇಲೆ ಕನ್ನಡ ಸಂಘದ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಲು ಹೋಗತೊಡಗಿದ. ಅಲ್ಲಿ ನೀಲಿಮಾ ಸಿಕ್ಕಳು. ಬೆಳಗಾವಿಯ ಕಡೆಯವಳು, ವಿಮಾ ಆಫೀಸಿನಿಂದ ನಿವೃತ್ತಳಾದವಳು, ಗಂಡ ಹೋದ ಮೇಲೆ ಕರ್ವೆನಗರದಲ್ಲಿ ಒಬ್ಬಳೇ ಇರುವವಳು. ಮೊದಲು ಪುಸ್ತಕದ ಮಾತು, ಆಮೇಲೆ ಚಹಾದ ಮಾತು, ಆಮೇಲೆ ಮಾತೇ ಬೇಡದಂಥ ಸಂಜೆಗಳು. ಒಂದು ದಿನ ಅವಳು ಫೋನಿನಲ್ಲಿ ಆ ದ್ವೀಪದ ಚಿತ್ರ ತೋರಿಸಿದಳು. ಜ್ವಾಲಾಮುಖಿ ಸಿಡಿದು ನಡುವಿನ ಬೆಟ್ಟವೇ ಹಾರಿಹೋಗಿ, ಅಲ್ಲಿ ಸಮುದ್ರ ನುಗ್ಗಿ, ಉಳಿದ ಅಂಚಿನ ಮೇಲೆ ಬಿಳಿಬಿಳಿ ಮನೆಗಳು ಕೂತಿದ್ದವು. "ಇಷ್ಟೆಲ್ಲಾ ಆದ ಮ್ಯಾಲೂ ಮತ್ತ ಅಲ್ಲೇ ಮನಿ ಕಟ್ಯಾರ ನೋಡ್ರಿ. ನಾವೂ ಒಮ್ಮೆ ಹೋಗಿ ಬರೂಣೇನು?" ಎಂದಳು. ಅವನು ಹಿಂದುಮುಂದು ನೋಡದೆ ಹೂಂ ಎಂದ. ಅವಳದು ಒಂದೇ ಒಂದು ಮಾತಿತ್ತು. "ಮನ್ಯಾಗ ಹೇಳಿ ಬರ್ರಿ. ಕದ್ದು ಹೋಗೂ ವಯಸ್ಸಲ್ಲ ನಮ್ಮದು. ನನಗ ಕೇಳವರು ಯಾರೂ ಇಲ್ಲ, ನಿಮಗ ಇದ್ದಾರ. ಅವರ ಮಾರಿ ನೋಡಿ ಹೇಳಿ ಬರ್ರಿ."

ಹೇಳಬೇಕೆಂದೇ ಅವನು ಊಟಕ್ಕೆ ಕೂತದ್ದು. ಮಗ ವಿನೀತ ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಬೆಂದು ಬಂದಿದ್ದ. ನಾ ಒಂದಿಷ್ಟು ದಿನ ಊರಾಗ ಇರೂದಿಲ್ಲ, ಎಂದು ಅವಧೂತ ಶುರುಮಾಡಿದ. ಎಲ್ಲಿಗೆ ಎಂದು ವಿನೀತ ಕೇಳಿದ. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮುಕ್ತಾ ಅದೇ ಕ್ಷಣಕ್ಕೆ ಭಕ್ಕರಿ ಹಾಕಲು ಬಂದು ನಿಂತಳು, ಅವಳ ತಲೆಯ ಹಿಂದಿನ ಗೋಡೆಯಲ್ಲಿ ಹಾರ ಹಾಕಿದ ಇಂದೂನ ಫೋಟೋ ಇತ್ತು, ಮತ್ತು ಅವನ ಬಾಯಿ ಅವನನ್ನು ಕೇಳದೆಯೇ ಕಾಶಿಗೆ ಎಂದಿತು. ಎಷ್ಟು ಸಂತೋಷಪಟ್ಟರು ಇಬ್ಬರೂ. ಒಂಟಿಯಾಗಿ ಒಣಗುತ್ತಿದ್ದ ಅಪ್ಪನಿಗೆ ಒಂದು ದಾರಿ ಸಿಕ್ಕಿತು ಎಂಬ ನೆಮ್ಮದಿಯಿಂದ ವಿನೀತನ ಮುಖವೇ ಬದಲಾಯಿತು. ಮಾರನೆಯ ದಿನ ನೀಲಿಮಾ ಕೇಳಿದಾಗ ಅವಧೂತ ಅವಳ ಮುಖ ನೋಡಿಯೇ ಉತ್ತರ ಕೊಟ್ಟಿದ್ದ: "ಹೇಳೇನಿ. ಭಾಳ ಖುಷಿ ಆತು ಅವರಿಗೆ." ಖುಷಿಯಾದದ್ದು ಸುಳ್ಳಲ್ಲ. ಆ ಮಾತಿನ ಕೊಳಕೇ ಅದು.

ಹಾಲ್‌ಗೆ ಬಂದಾಗ ಅಂಬಾಬಾಯಿ ಕುರ್ಚಿಯಲ್ಲಿ ಕೂತಿದ್ದಳು. ಇಂದೂನ ತಾಯಿ. ಎಂಬತ್ತು ದಾಟಿದ ಮುದುಕಿ, ಸದಾಶಿವ ಪೇಠದಲ್ಲಿ ಕಿರಿಯ ಮಗಳ ಮನೆಯಲ್ಲಿರುತ್ತಾಳೆ. ಅಳಿಯನನ್ನು ಕಂಡವಳೇ ಏಳಲು ಹೋದಳು. "ಕೂಡ್ರಿ, ಕೂಡ್ರಿ ಅತ್ಯಾ," ಎಂದು ಅವನು ಗಾಬರಿಯಿಂದ ಮುಂದೆ ಬಂದ. "ಹ್ಯಾಂಗ ಕೂಡಲಿ ಅವಧೂತರಾಯರ, ಕಾಶಿ ನೋಡಿದ ಕಣ್ಣು ನಿಮ್ಮವು," ಎಂದು ಅವನ ಎರಡೂ ಕೈ ಹಿಡಿದುಕೊಂಡಳು. ಕಾಶಿಗೆ ಹೋಗಬೇಕೆಂದು ಜನ್ಮವಿಡೀ ಹಂಬಲಿಸಿದವಳು ಅವಳು. ಗಂಡ ಇದ್ದಾಗ ಗಂಡನಿಗೆ ಪುರಸೊತ್ತಿಲ್ಲ, ಪುರಸೊತ್ತಾದಾಗ ಮೊಣಕಾಲಿಲ್ಲ. ಅಳಿಯ ಕಾಶಿಗೆ ಹೊರಟ ಸುದ್ದಿ ಕೇಳಿ ನಾನೂ ಬರ್ತೀನಿ ಎಂದು ಗಂಟುಕಟ್ಟಿದ್ದಳು. ಅವಳನ್ನು ತಡೆಯಲು ಅವನು ಪಟ್ಟ ಪಾಡು ದೇವರಿಗೇ ಗೊತ್ತು. ಘಾಟಿನ ಮೆಟ್ಟಿಲು ಕಡಿದು ಅಂದ, ಬಿಸಿಲು ಅಂದ, ರೈಲಿನ ಸಂಡಾಸು ಅಂದ. ಕೊನೆಗೆ ಅವಳೇ ಸೋತು, "ಹಂಗಾದ್ರ ನನ್ನ ಹೆಸರಿಲೆ ಒಂದು ಮುಳುಗು ಹಾಕ್ರಿ. ಅಷ್ಟ ಸಾಕು ನನಗ," ಎಂದಿದ್ದಳು. ಈಗ ಕೈ ಬಿಡದೆ ಅದನ್ನೇ ಕೇಳಿದಳು: "ಹಾಕಿದ್ರಿ?"

"ಹಾಕಿದೆ ಅತ್ಯಾ."

ಇದೊಂದು ಮಾತ್ರ ನಿಜವಾಗಿತ್ತು. ದ್ವೀಪದ ನಡುವಿನ ಸಮುದ್ರದಲ್ಲಿ ಸುಟ್ಟ ಕಲ್ಲಿನ ಗುಡ್ಡವೊಂದಿದೆ, ಜ್ವಾಲಾಮುಖಿಯ ಬಾಯಿ. ಅದರ ಪಕ್ಕದಲ್ಲಿ ದೋಣಿ ನಿಲ್ಲಿಸುತ್ತಾರೆ. ಅಲ್ಲಿ ನೀರಿನ ತಳದಿಂದ ಬಿಸಿ ಬುಗ್ಗೆ ಏಳುತ್ತದೆ, ನೀರು ಕೆಸರಿನ ಬಣ್ಣ, ಗಂಧಕದ ವಾಸನೆ. ಪ್ರಾಯದ ಜೋಡಿಗಳು ಕಿರುಚುತ್ತ ಹಾರುತ್ತಿದ್ದವು. ನೀಲಿಮಾ ದೋಣಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟುಕೊಂಡು, "ಇಳೀರಿ, ನಾನೂ ಬರ್ತೀನಿ," ಎಂದಳು. ಅವನು ಇಳಿದ. ಆ ಕೆಸರುಬಣ್ಣದ ಬೆಚ್ಚನೆ ನೀರಿನಲ್ಲಿ ನಿಂತಾಗ, ಎಲ್ಲಿಂದ ಬಂದಳೋ, ಅಂಬಾಬಾಯಿ ಮೊಣಕಾಲು ಹಿಡಿದುಕೊಂಡು ಎದುರಿಗೆ ನಿಂತಳು. ಅವನು ಮೂಗು ಹಿಡಿದು, ಮನಸ್ಸಿನಲ್ಲಿ ಅವಳ ಹೆಸರು ಹೇಳಿ ಒಂದು ಮುಳುಗು ಹಾಕಿದ. ಎದ್ದವನು ತಡೆಯಲಾಗದೆ ಇಂದೂನ ಹೆಸರಿನಲ್ಲಿ ಇನ್ನೊಂದು ಹಾಕಿದ. ಮೇಲೆ ಬಂದಾಗ ನೀಲಿಮಾ ನಗುತ್ತಿದ್ದಳು. "ಸ್ನಾನಕ್ಕ ಬಂದೀರೋ, ತೀರ್ಥಕ್ಕೋ? ತುಟಿ ಅಲ್ಲಾಡತಾವು." ಅವನು ಥಂಡಿ ಎಂದ. "ಬಿಸಿ ನೀರಾಗ ಥಂಡಿ?" ಎಂದವಳು ಅವನ ಮುಖ ನೋಡಿ ನಗು ನಿಲ್ಲಿಸಿದಳು. ಆಮೇಲೆ ನೀರಿಗೆ ಇಳಿಯಲಿಲ್ಲ. ದೋಣಿಯವನು ಕೈಚಾಚಿ ಅವನನ್ನು ಮೇಲೆಳೆದುಕೊಂಡ. ಬಿಳಿ ಚಡ್ಡಿಗೆ ಗಂಧಕದ ಕಲೆ ಹತ್ತಿತ್ತು, ಅದನ್ನು ಪುಣೆಗೆ ತರದೆ ಅಥೆನ್ಸಿನ ವಿಮಾನ ನಿಲ್ದಾಣದಲ್ಲಿ ಬಿಸಾಕಿ ಬಂದ.

ಕರೆಗಂಟೆ ಹೊಡೆಯಿತು. ಭಜನಿ ಮಂಡಳಿಯವರು ಬಂದರು ಎಂದು ಮುಕ್ತಾ ಓಡಿದಳು. ಅವಧೂತ ಬಾಗಿಲ ಕಡೆ ನೋಡಲಿಲ್ಲ. ಕರ್ವೆನಗರದ ಕನ್ನಡ ಭಜನಿ ಮಂಡಳಿಯನ್ನು ಕರೆದಿದ್ದೇನೆ ಎಂದು ಮುಕ್ತಾ ಎರಡು ದಿನದ ಹಿಂದೆಯೇ ಹೇಳಿದ್ದಳು. ನೀಲಿಮಾ ಆ ಮಂಡಳಿಯಲ್ಲಿ ಹಾಡುತ್ತಾಳೆ. ಮುಕ್ತಾಳಿಗೆ ಅವಳ ಮುಖಪರಿಚಯವಿಲ್ಲ, ಹೆಸರೂ ಗೊತ್ತಿಲ್ಲ. ಫೋನು ಮಾಡಿ ಎಲ್ಲ ಹೇಳಿಬಿಡಬೇಕು ಎಂದು ಅವನು ಫೋನು ಹಿಡಿದುಕೊಂಡು ಗ್ಯಾಲರಿಗೆ ಹೋದ, ಬಂದ, ಮತ್ತೆ ಹೋದ. ಅಷ್ಟು ದೂರದಿಂದ ವಾಕಡದ ತನಕ ಯಾರು ಬರುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೇಡಿಗೆ ಸಮಾಧಾನಗಳಿಗೇನು ಬರ. ಮಂಡಳಿಯ ವಾಟ್ಸಾಪಿನಲ್ಲಿ ಮುಕ್ತಾಳ ಆಮಂತ್ರಣ ಹೋಗಿಯೇ ಇರಬೇಕು: ನಮ್ಮ ಮಾವನವರು ಅವಧೂತರಾಯರು ಕಾಶೀಯಾತ್ರೆ ಮುಗಿಸಿ ಬಂದಿದ್ದಾರೆ. ಅದನ್ನು ಓದುವಾಗ ನೀಲಿಮಾ ಏನು ಮಾಡುತ್ತಿದ್ದಳು? ಚಹಾ ಸೋಸುತ್ತಿದ್ದಳೇ? ಅವಧೂತ ಮನೆಯಲ್ಲಿ ಕಾಶಿಗೆ ಎಂದು ಹೇಳಿ ಬಂದಿದ್ದ ಎಂಬುದು ಅವಳಿಗೆ ಹಾಗೆ ತಿಳಿಯಬೇಕಾಯಿತು.

ಬಂದಳು. ಹೆಂಗಸರ ಹಿಂದಿನಿಂದ, ನಸುಹಳದಿ ಇಳಕಲ್ ಸೀರೆಯಲ್ಲಿ, ಕೈಯಲ್ಲಿ ತಾಳ ಹಿಡಿದುಕೊಂಡು. ಚಪ್ಪಲಿ ಬಿಟ್ಟು ಒಳಗೆ ಬಂದು ಎಲ್ಲರಿಗೂ ಮಾಡಿದ ಹಾಗೆ ಅವನಿಗೂ ಒಂದು ನಮಸ್ಕಾರ ಮಾಡಿ ಜಮಖಾನದ ಮೇಲೆ ಕೂತಳು. ಗೋಡೆಯ ಮೇಲಿನ ಇಂದೂನ ಫೋಟೋವನ್ನು ಬಹಳ ಹೊತ್ತು ನೋಡಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಸಿಟ್ಟಿದ್ದರೆ ಅವನಿಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಮುಕ್ತಾ ಕುಂಕುಮದ ಬಟ್ಟಲು ಹಿಡಿದು ಸಾಲಾಗಿ ಹಚ್ಚುತ್ತ ಬಂದಳು. ನೀಲಿಮಾಳ ಕೊರಳು ನೋಡಿ, ಅರೆಗಳಿಗೆ ತಡೆದು, ಪಾಪ, ನಾಜೂಕಿನಿಂದಲೇ ಮುಂದಿನವಳ ಕಡೆ ಸರಿದಳು. ನೀಲಿಮಾ ತಾಳದ ದಾರ ಸರಿಮಾಡಿಕೊಳ್ಳುತ್ತಿದ್ದಳು. ಆ ದ್ವೀಪದ ಹೋಟೆಲಿನಲ್ಲಿ, ಬಂಡೆ ಕೊರೆದು ಮಾಡಿದ ಬಿಳಿ ಕೋಣೆಯಲ್ಲಿ, ಹೊಸ ಜೋಡಿಯೆಂದು ತಿಳಿದು ಹಾಸಿಗೆಯ ಮೇಲೆ ಗುಲಾಬಿ ಎಸಳಿನಿಂದ ಅದೇನೋ ಆಕಾರ ಮಾಡಿಟ್ಟಿದ್ದರು. ನೀಲಿಮಾ ಮುಖ ತೊಳೆದು ಬರುವುದರೊಳಗೆ ಅವನು ಎಸಳನ್ನೆಲ್ಲ ಬಾಚಿ ಕಸದ ಬುಟ್ಟಿಗೆ ಹಾಕಿದ್ದ. ಯಾರು ನೋಡುತ್ತಾರೆಂದು ಹಾಕಿದನೋ. ಅವಳು ಬಂದು ಬುಟ್ಟಿ ನೋಡಿದಳು, ಅದರಿಂದ ಒಂದೆರಡು ಎಸಳು ಆರಿಸಿ ಊದಿ, ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಹೂವು ರೀ, ಬಿಸಾಕಬಾರದು," ಎಂದಳು, ಅಷ್ಟೆ.

ಹಾಡು ಶುರುವಾಯಿತು. ಅವಳ ದನಿ ಎಲ್ಲರ ದನಿಗಳ ಅಡಿಯಲ್ಲಿ ಸಣ್ಣಗೆ ಹರಿಯುತ್ತಿತ್ತು. ವಿನೀತ ಕೈಕಟ್ಟಿ ನಿಂತು ಕೇಳುತ್ತಿದ್ದ. ಎದ್ದು ನಿಂತು, ವಿನೀತಾ, ಇವರು ನೀಲಿಮಾ ಅಂತ, ಎಂದರೆ ಮುಗಿಯಿತು. ಒಂದು ವಾಕ್ಯ. ಮಗ ಏನೂ ಕತ್ತು ಹಿಸುಕುವವನಲ್ಲ, ಮುಕ್ತಾ ಒಳ್ಳೆಯವಳು. ಹೇಳಿದ್ದರೆ ಅವತ್ತೇ ಒಪ್ಪುತ್ತಿದ್ದರೋ ಏನೋ. ಈಗ ಆ ಒಂದು ವಾಕ್ಯದ ಹಿಂದೆ ಪುಣೆ ಸ್ಟೇಷನ್ನಿನಲ್ಲಿ ತನ್ನ ಕಾಲುಮುಟ್ಟಿ ರೈಲು ಹತ್ತಿಸಿದ ವಿನೀತನಿದ್ದ, ಮುಕ್ತಾ ಕಟ್ಟಿಕೊಟ್ಟ ಚಪಾತಿ, ಶೇಂಗಾ ಚಟ್ನಿಯ ಗಂಟಿತ್ತು. ರೈಲು ದೌಂಡಿಗೆ ಬಂದಾಗ ಕಳ್ಳನ ಹಾಗೆ ಇಳಿದು, ಎದುರಿನ ಗಾಡಿ ಹಿಡಿದು ಪುಣೆಗೆ ವಾಪಸು ಬಂದು, ಅಲ್ಲಿಂದ ಮುಂಬಯಿ ಬಸ್ಸು ಹತ್ತಿದ್ದ. ಆ ಚಪಾತಿಯನ್ನು ವಿಮಾನದಲ್ಲಿ ನೀಲಿಮಾಳ ಜೊತೆ ಹಂಚಿಕೊಂಡು ತಿಂದ. "ಸೊಸಿ ಕಟ್ಟಿಕೊಟ್ಟಾಳೇನು ನಮಗ?" ಎಂದು ಅವಳು ಅದನ್ನು ಪ್ರಸಾದದ ಹಾಗೆ ಕೈಯೊಡ್ಡಿ ತೆಗೆದುಕೊಂಡಿದ್ದಳು. ನಮಗೆ, ಅಂದಿದ್ದಳು.

ಓಯಾ ಎಂಬ ಹಳ್ಳಿಯ ತುದಿಯಲ್ಲಿ ಸೂರ್ಯಾಸ್ತ ನೋಡಲು ಜಾತ್ರೆಯಂತೆ ಜನ ಸೇರುತ್ತಾರೆ. ಆ ಸಂಜೆಗಾಗಿಯೇ ಅವಳು ಅಷ್ಟು ದೂರ ಬಂದದ್ದು. ಗೋಡೆಯ ಅಂಚಿನಲ್ಲಿ ಜಾಗ ಹಿಡಿದು ನಿಂತಿದ್ದರು, ಅವಳ ಕೈ ಇವನ ಕೈಯಲ್ಲಿತ್ತು. ಸೂರ್ಯ ಇನ್ನೇನು ನೀರಿಗೆ ತಾಗಬೇಕು, ಹಿಂದಿನಿಂದ ಒಂದು ದನಿ: "ಅಗಂ, ಇಕಡೇ ಯೇ, ಇಥೂನ ಫೋಟೋ ಚಾಂಗಲಾ ಯೇತೋ." ಅಚ್ಚ ಪುಣೆಯ ಮರಾಠಿ, ಇಲ್ಲಿಂದ ಫೋಟೋ ಚೆನ್ನಾಗಿ ಬರುತ್ತದೆ ಬಾರೇ ಎಂದು. ಟೋಪಿ ಹಾಕಿಕೊಂಡ ಹೆಂಗಸರ ಒಂದು ಪ್ರವಾಸದ ಗುಂಪು. ಅವರಲ್ಲಿ ಅವನ ಗುರುತಿನವರು ಯಾರೂ ಇರಲಿಲ್ಲ, ಇರುವ ಸಂಭವವೂ ಇರಲಿಲ್ಲ. ಆದರೆ ಅವನ ಕೈ ಅವಳ ಕೈಯನ್ನು ಬಿಟ್ಟುಬಿಟ್ಟಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಈಗ ಬಂದೆ ಎಂದವನು ಮೆಟ್ಟಿಲು ಹತ್ತಿ ಸಿಕ್ಕ ಮೊದಲ ಅಂಗಡಿಗೆ ನುಗ್ಗಿದ. ಟೋಪಿಯ ಅಂಗಡಿ. ಒಂದರ ಮೇಲೊಂದು ಟೋಪಿ ಹಾಕಿಕೊಂಡು ಕನ್ನಡಿ ನೋಡುತ್ತ ನಿಂತ, ಅಂಗಡಿಯ ಹುಡುಗಿ ಪ್ರತಿ ಟೋಪಿಗೂ ಚೆನ್ನಾಗಿದೆ ಎಂದು ತಲೆಯಾಡಿಸಿದಳು. ಹೊರಗೆ ಜನ ಒಮ್ಮೆಲೇ ಚಪ್ಪಾಳೆ ತಟ್ಟಿದರು. ಅಲ್ಲಿಯ ಪದ್ಧತಿ ಅದು, ಸೂರ್ಯ ಮುಳುಗಿದಾಗ ಚಪ್ಪಾಳೆ. ಅವನು ಮರಳಿ ಬಂದಾಗ ಅವಳು ಅದೇ ಜಾಗದಲ್ಲಿ ನಿಂತಿದ್ದಳು, ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು. "ಎಲ್ಲಿ ಹೋಗಿದ್ರಿ?" "ಟೋಪಿ ನೋಡಲಿಕ್ಕೆ." "ಸೂರ್ಯ ಮುಳುಗೂ ಹೊತ್ತಿಗೆ ಟೋಪಿ?" ಆಮೇಲೆ ಊಟದ ಮೇಜಿನ ಮೇಲೆ ಮೆಲ್ಲಗೆ ಕೇಳಿದಳು: "ಮನ್ಯಾಗ ಎಲ್ಲಾರಿಗೂ ಗೊತ್ತಿದ್ದ ಮ್ಯಾಲೆ ಇಲ್ಲಿ ಯಾರಿಗೆ ಅಂಜತೀರಿ?" ಅವನು ತಟ್ಟೆ ನೋಡುತ್ತ, ಜನರಿಗೆ, ಎಂದ. ಅವಳು ಆ ದಿನವೂ ನಂಬಿದಳು. ನಂಬಿ, ನೀವು ಭಾಳ ಸಂಕೋಚದ ಮನುಷ್ಯ ಎಂದು ಅವನ ತಟ್ಟೆಗೆ ಟೊಮೆಟೊ ವಡೆ ಹಾಕಿದಳು. ಹಾಗೆ ನಂಬಿಸಿಕೊಂಡವಳ ಮುಂದೆ ಈಗ ಕೂತಿರುವುದು ಅವನಿಗೆ ಬರಿಮೈಯಲ್ಲಿ ಕೂತ ಹಾಗಿತ್ತು.

"ಗಿಂಡಿ ಒಡೀರಿ ಅವಧೂತರಾಯರ," ಅಂಬಾಬಾಯಿ ಹೇಳಿದಳು. "ಯಾತ್ರಾ ಮಾಡಿದವರೇ ಒಡೀಬೇಕು. ಮನಸ್ಸು ಶುದ್ಧ ಇಟಗೊಂಡು ಹೋಗಿ ಬಂದಿದ್ರ ಗಂಗಿ ಉಕ್ಕತಾಳ."

ಗೋಧಿಯ ಮೇಲಿನ ಗಿಂಡಿ ಹೂ ಏರಿಸಿಕೊಂಡು ಕೂತಿತ್ತು. ಅದನ್ನು ಅವನು ಪುಣೆಯಲ್ಲೇ ತುಳಶೀಬಾಗದ ಒಂದು ಪೂಜಾಸಾಮಾನಿನ ಅಂಗಡಿಯಲ್ಲಿ, ಕಾಶಿಯ ಕರೀ ದಾರದ ಕಟ್ಟಿನ ಸಮೇತ ಕೊಂಡಿದ್ದ. ಕಾಶಿಯಿಂದ ಹೊತ್ತು ತರುವ ತ್ರಾಸು ಯಾಕೆಂದು ಬಹಳ ಜನ ಇಲ್ಲೇ ಒಯ್ಯುತ್ತಾರೆ ಕಾಕಾ, ಎಂದು ಅಂಗಡಿಯವನು ಮರಾಠಿಯಲ್ಲಿ ಸಮಾಧಾನ ಹೇಳಿದ್ದ, ಇವನೇನೂ ಕೇಳದಿದ್ದರೂ. ಅವಧೂತ ಚಾಕುವಿನ ತುದಿ ಬೆಸುಗೆಯ ಸಂದಿಗೆ ಹಾಕಿ ಮೀಟಿದ. ಎದುರಿಗೆ ತಾಳದ ಸದ್ದು ನಿಂತದ್ದು ಅವನಿಗೆ ತಿಳಿಯಿತು. ಅವಳು ನೋಡುತ್ತಿದ್ದಾಳೆ ಎಂದುಕೊಂಡ ಕ್ಷಣವೇ ಚಾಕು ಜಾರಿ, ಮುಚ್ಚಳ ಹಾರಿ, ಗಿಂಡಿ ವಾಲಿ, ನೀರು ಅಂಚು ಮೀರಿ ಗೋಧಿಯ ಮೇಲೆಲ್ಲ ಚೆಲ್ಲಿತು. ಅವನು ಇನ್ನೇನು ತಪ್ಪಾಯಿತು ಎನ್ನಬೇಕು, ಅಂಬಾಬಾಯಿ ಎರಡೂ ಕೈ ತಲೆಯ ಮೇಲೆ ಜೋಡಿಸಿದಳು. "ಉಕ್ಕಿದಳು. ನೋಡ್ರೆವಾ, ಹ್ಯಾಂಗ ಉಕ್ಕಿದಳು." ಹೆಂಗಸರೆಲ್ಲ ಕೈಮುಗಿದರು. ಮುಕ್ತಾಳ ಕಣ್ಣಲ್ಲಿ ನೀರು. ವಿನೀತ ಕೂಡ, ಕಂಪ್ಯೂಟರಿನ ಮುಂದೆ ಬಾಳುವವನು, ಬಗ್ಗಿ ಚೆಲ್ಲಿದ ನೀರಿನಲ್ಲಿ ಬೆರಳದ್ದಿ ಕಣ್ಣಿಗೆ ಒತ್ತಿಕೊಂಡ. ಚಾಕು ಜಾರಿತು, ಅದಕ್ಕೆ ಚೆಲ್ಲಿತು, ಎಂದು ಹೇಳುವ ಧೈರ್ಯವೂ ಅವಧೂತನಿಗೆ ಬರಲಿಲ್ಲ. ಜನ್ಮವಿಡೀ ಕೂದಲೆಳೆಯ ವ್ಯತ್ಯಾಸಕ್ಕೆ ಮಾಲು ವಾಪಸು ಕಳಿಸಿದವನು ಅವನು.

"ಈಗ ಹೇಳ್ರಿ," ಅಂಬಾಬಾಯಿ ಅಂದಳು. "ಕಾಶಿಯೊಳಗ ಏನು ಬಿಟ್ಟು ಬಂದ್ರಿ?"

ಕಾಶಿಗೆ ಹೋದವರು ತಮಗೆ ಬಲು ಇಷ್ಟವಾದದ್ದೊಂದನ್ನು ಅಲ್ಲಿ ಬಿಟ್ಟು ಬರಬೇಕು. ಕಾಯಿಪಲ್ಯವೋ, ಹಣ್ಣೋ, ಸಿಹಿಯೋ, ಬಿಟ್ಟ ಮೇಲೆ ಸಾಯುವ ತನಕ ಅದನ್ನು ಮುಟ್ಟಬಾರದು. ಅವಧೂತ ಇದನ್ನು ಮರೆತೇಬಿಟ್ಟಿದ್ದ. ರೈಲಿನ ಸುಳ್ಳಿಗೆ, ಬಿಸಿಲಿನ ಸುಳ್ಳಿಗೆ, ಘಾಟಿನ ಸುಳ್ಳಿಗೆ ತಯಾರಾಗಿ ಕೂತವನು ಈ ಪ್ರಶ್ನೆಗೆ ಉತ್ತರ ಮಾಡಿಟ್ಟುಕೊಂಡಿರಲಿಲ್ಲ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ನೀಲಿಮಾ ತಲೆಯೆತ್ತಿ ನೇರವಾಗಿ ನೋಡಿದಳು, ಇವತ್ತು ಮೊದಲ ಸಲ. ಅವಳಿಗೂ ಆ ಉತ್ತರ ಬೇಕಾಗಿತ್ತು. ಅಡಿಗೆಮನೆಯಿಂದ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು.

"ಬದನೀಕಾಯಿ," ಎಂದ.

"ಅಯ್ಯ, ಮಾಮಾ," ಎಂದಳು ಮುಕ್ತಾ. "ಅದು ನಿಮಗ ಜೀವ ಇದ್ದಂಗ ಅಲ್ರಿ."

"ಜೀವ ಇದ್ದದ್ದನ್ನೇ ಬಿಡಬೇಕವಾ. ಸೇರದ್ದನ್ನ ಯಾರರ ಬಿಡತಾರ," ಎಂದು ಅಂಬಾಬಾಯಿ ಕುರ್ಚಿಯ ಹಿಡಿಕೆ ಹಿಡಿದು ಎದ್ದಳು. ಅವಳ ಮೊಣಕಾಲು ಕಟಕಟ ಎಂದಿತು. ಅವನು ಬ್ಯಾಡ್ರಿ ಅತ್ಯಾ, ಹಿರಿಯರು ನೀವು, ಎಂದು ಹಿಂದೆ ಸರಿದ, ಹಿಂದೆ ಗೋಡೆಯಿತ್ತು. "ಕಾಶಿಗೆ ಹೋಗಿಬಂದವರ ಕಾಲಿಗೆ ವಯಸ್ಸಿಲ್ಲ," ಎಂದು ಆ ಮುದುಕಿ ಜೊತೆಗೆ ಬಂದಿದ್ದ ಕಿರಿಯ ಮಗಳ ಹೆಗಲು ಹಿಡಿದು ಬಗ್ಗಿ, ನೆಲಕ್ಕೆ ಕೂತು, ಅವನ ಎರಡೂ ಪಾದದ ಮೇಲೆ ಹಣೆ ಇಟ್ಟಳು. ಅವಳ ಹಣೆ ತಣ್ಣಗಿತ್ತು. ಅವಧೂತನಿಗೆ ತಾನು ಅಲ್ಲೇ ಬಿದ್ದು ಸತ್ತರೆ ಎಲ್ಲ ಸಲೀಸಾಗುತ್ತದೆ ಎನ್ನಿಸಿತು. ಸಾಯಲಿಲ್ಲ. ವಿನೀತ ಬಿದ್ದ, ಮುಕ್ತಾ ಬಿದ್ದಳು, ಪಕ್ಕದ ಫ್ಲ್ಯಾಟಿನವರು ಬಿದ್ದರು, ಭಜನಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಿದ್ದು ಹೋದರು. ಕೊನೆಗೆ ಸೆರಗು ಹೊದ್ದು ನೀಲಿಮಾ ಬಂದಳು.

ಅವಳ ಬೈತಲೆಯ ಬಿಳಿಗೂದಲು ಅವನ ಕಣ್ಣ ಕೆಳಗೆ ಇಳಿಯಿತು. ಒಂದು ಮಧ್ಯಾಹ್ನ ಆ ದ್ವೀಪದ ಮೆಟ್ಟಿಲು ಹತ್ತಿ ಹತ್ತಿ ಅವಳ ಪಾದ ಬಾತಿದ್ದವು. ಯಾರದೋ ಮನೆಯ ನೀಲಿ ಬಾಗಿಲ ನೆರಳಿನಲ್ಲಿ ಕೂತು ಅವನು ಆ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿದ್ದ. ಕೆಳಗ ಸಮುದ್ರ ನೋಡ್ರಿ, ನನ್ನ ಕಾಲು ಯಾಕ ನೋಡತೀರಿ, ಎಂದು ಅವಳು ನಾಚಿಕೊಂಡು ನಕ್ಕಿದ್ದಳು. ಆ ಒಂದು ತಾಸು ಅವನಿಗೆ ಯಾರ ಭಯವೂ ಇರಲಿಲ್ಲ. ಬದುಕಿನಲ್ಲಿ ಇನ್ನೂ ಇಷ್ಟು ಉಳಿದಿತ್ತೇ ಎಂದು ಬೆರಗಾಗಿತ್ತು. ಈಗ ಅವಳ ಬೆರಳು ಅವನ ಕಾಲಿಗೆ ತಾಗಿತು, ತಾಗಿದ್ದೇ ತಿಳಿಯದಷ್ಟು ಹಗುರವಾಗಿ, ಮತ್ತು ಹಿಂದಕ್ಕೆ ಹೋಯಿತು. ಅವನು ಗೋಡೆಗೆ ಆತುಕೊಂಡು ನಿಂತ.

ಅಂಬಾಬಾಯಿ ಅವಳ ಬೊಗಸೆಗೆ ತೀರ್ಥ ಹಾಕಿದಳು. "ಭಾಳ ಛಂದ ಹಾಡಿದ್ರಿ ತಾಯಿ. ನೀವು ಕಾಶಿ ನೋಡೀರೇನು?"

"ಹೋಗಿ ಬಂದೀನ್ರಿ."

"ಪುಣ್ಯವಂತರು. ಏನು ಬಿಟ್ರಿ?"

ನೀಲಿಮಾ ತೀರ್ಥ ಕುಡಿದು ಒದ್ದೆಗೈಯನ್ನು ತಲೆಗೆ ಒರೆಸಿಕೊಂಡಳು. "ಅಲ್ಲಿ ಏನೂ ಬಿಡಲಿಲ್ರಿ ಅಜ್ಜಿ. ಇಲ್ಲಿಗೆ ಬಂದ ಮ್ಯಾಲೆ ಬಿಟ್ಟೆ."

"ಎಲ್ಲಿ ಬಿಟ್ರೇನು, ಬಿಟ್ಟದ್ದು ಬಿಟ್ಟಂಗ. ಮತ್ತ ಅದರ ಆಸೆ ಮಾಡಬಾರದು, ಅಷ್ಟ."

"ಮಾಡೂದಿಲ್ರಿ," ಎಂದಳು ನೀಲಿಮಾ.

ಎಲೆ ಹಾಕುವ ಗದ್ದಲ ಎದ್ದಿತು. ಆ ಗದ್ದಲದಲ್ಲಿ ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟದ್ದನ್ನು ಕಂಡವಳು ಅಂಬಾಬಾಯಿಯೇ. "ಅವಧೂತರಾಯರ, ಆಕಿನ್ನ ಕರೀರಿ. ಗಂಗಾಪೂಜಾ ಆದ ಮನಿಯಿಂದ ಯಾರೂ ಉಪವಾಸ ಹೋಗಬಾರದು. ನೀವು ಕರದ್ರ ಬ್ಯಾಡ ಅನ್ನೂದಿಲ್ಲ." ಅವನು ಬರಿಗಾಲಲ್ಲೇ ಹೊರಗೆ ಬಂದ. ಅವಳು ಲಿಫ್ಟಿನ ಮುಂದೆ ನಿಂತಿದ್ದಳು.

"ನೀಲಿಮಾ, ಊಟ ಮಾಡಿ ಹೋಗು."

"ಹೇಳೇನಿ ಅಂದಿದ್ರಿ," ಎಂದಳು.

"ಹೇಳಬೇಕಂತನ ಕೂತಿದ್ದೆ. ಹೇಳ್ತೀನಿ. ಇವತ್ತು ಇದೊಂದು ಮುಗೀಲಿ."

"ಈಗ ಹೇಳ್ರಿ. ಬಾಗಲಾ ತಗದೇ ಅದ. ನಾ ಇಲ್ಲೇ ನಿಂತಿರತೀನಿ. ಬೈಯ್ದ್ರ ಇಬ್ಬರೂ ಕೂಡಿ ಬೈಸಿಗೊಳ್ಳೂಣು."

ಅವಳು ನಿಜವಾಗಿಯೂ ನಿಂತಳು, ಗೋಡೆಗೆ ಬೆನ್ನು ಕೊಟ್ಟು, ತಾಳವನ್ನು ಎದೆಗೆ ಹಿಡಿದುಕೊಂಡು. ಇಷ್ಟಾದ ಮೇಲೂ ಅವಳು ನಿಲ್ಲಲು ತಯಾರಿದ್ದಾಳೆ ಎಂಬುದು ಅವನಿಗೆ ನಂಬಲಾಗಲಿಲ್ಲ. ಬಾಗಿಲಲ್ಲಿ ವಿನೀತ ಕಾಣಿಸಿಕೊಂಡ. ಮಡಿ ಉಟ್ಟಿದ್ದ, ಹಣೆಯ ಮೇಲೆ ಗಂಗೆಯ ನೀರು ಇನ್ನೂ ಆರಿರಲಿಲ್ಲ. ಅವನು ತಂದೆಯನ್ನೂ ಆ ಹೆಂಗಸನ್ನೂ ನೋಡಿದ. ಅವನ ಮುಖದಲ್ಲಿ ಸಂಶಯವಿರಲಿಲ್ಲ, ಮರ್ಯಾದೆಯಿತ್ತು.

"ಅಪ್ಪಾ, ಎಲಿ ಹಾಕ್ಯಾರ. ಇವರು ನಿನಗ ಗುರ್ತಿನವರೇನು?"

ಲಿಫ್ಟು ಮೇಲೆ ಬರುತ್ತಿತ್ತು. ನೀಲಿಮಾ ಅವಧೂತನನ್ನು ನೋಡಲಿಲ್ಲ. ಅವನ ಉತ್ತರಕ್ಕೆ ತನ್ನ ನೋಟದ ಭಾರ ಬೀಳದಿರಲಿ ಎಂಬಂತೆ ನೆಲ ನೋಡುತ್ತಿದ್ದಳು.

"ಇಲ್ಲಪಾ," ಎಂದ ಅವಧೂತ. "ಭಜನಿಗೆ ಬಂದವರು."

ಅವಳು ವಿನೀತನ ಕಡೆ ತಿರುಗಿ, ಬರ್ತೀನ್ರಿ, ಎಂದು ಕೈಮುಗಿದಳು. ವಿನೀತನೂ ಮುಗಿದ. ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು. ಅವಧೂತನಿಗೆ ಮೊದಲು ಆದದ್ದು ದುಃಖವಲ್ಲ. ಹಗುರಾಯಿತು. ಪರೀಕ್ಷೆ ಮುಗಿದ ಹುಡುಗನಿಗೆ ಆಗುವ ಹಾಗೆ ಮೈಯೆಲ್ಲ ಹಗುರಾಯಿತು. ಹಗುರಾದದ್ದು ತಿಳಿದ ಮೇಲೆ ಅವನಿಗೆ ತನ್ನ ಬಗ್ಗೆ ಇನ್ನು ತಿಳಿಯಬೇಕಾದದ್ದೇನೂ ಉಳಿಯಲಿಲ್ಲ.

ಒಳಗೆ ಸಾಲಾಗಿ ಎಲೆಗಳ ಮುಂದೆ ಎಲ್ಲರೂ ಕೂತಿದ್ದರು. ಬಡಿಸಿದ ಅನ್ನದಿಂದ ಹಬೆ ಏಳುತ್ತಿತ್ತು. ಅವನಿಗಾಗಿ ನಡುವಿನ ಮಣೆಗೆ ರಂಗೋಲಿ ಹಾಕಿದ್ದರು. ಹಸಿದಿದ್ದ ಅಂಬಾಬಾಯಿ ಕೂಡ ಕೈ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಕಾಶಿಯಿಂದ ಬಂದವನು ಮೊದಲ ತುತ್ತು ಎತ್ತದೆ ಆ ಸಾಲಿನಲ್ಲಿ ಯಾರೂ ಉಣ್ಣುವ ಹಾಗಿರಲಿಲ್ಲ. ಅವಧೂತ ಬಂದು ಮಣೆಯ ಮೇಲೆ ಕೂತು, ತುತ್ತು ಎತ್ತಿದ.